ಅಪ್ಪನ ಕಾಲುಪೇಟಿಗೆ ಗಾಳಿ ಹಾಕಿದವಳು

ಸಕ್ಕರೆ ಕಾಯಿಲೆ ಅಪ್ಪನ ಎರಡೂ ಕಾಲುಗಳನ್ನು ಮೊಣಕಾಲಿನ ತನಕ ತಿಂದುಹಾಕಿತು. ಬಾಯಿಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನೂ ತೆಗೆದುಕೊಂಡು ಹೋಗಿದ್ದರೆ ಗಜೇಂದ್ರಗಡದ ನಮ್ಮ ಮನೆಯಲ್ಲಿ ಒಂದಿಷ್ಟು ನೆಮ್ಮದಿಯಾದರೂ ಇರುತ್ತಿತ್ತು. ಅಪ್ಪ ನಾಟಕದ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ಬಾರಿಸಿ ಹಾಡು ಕಲಿಸುವವನು. ಅವನದು ಕಾಲುಪೇಟಿ. ಕಂಪನಿ ನಾಟಕದವರು ಅದನ್ನು ಆರ್ಗನ್ ಅಂತಲೂ ಕರೆಯುತ್ತಿದ್ದರು. ಕೆಳಗೆ ಎರಡು ಪಾವಟಿಗೆ, ಅವುಗಳ ಹಿಂದೆ ಚರ್ಮದ ತಿದಿ, ಮೇಲೆ ಬೆರಳಿಂದ ಒತ್ತುವ ಮನೆಗಳ ಸಾಲು, ಮನೆಗಳ ಕೆಳಗೆ ಒಂದೊಂದು ಸ್ವರಕ್ಕೆ ಒಂದೊಂದು ಹಿತ್ತಾಳೆಯ ನಾಲಿಗೆ. ಕಾಲು ತುಳಿದರೆ ಗಾಳಿ ಓಡಾಡಿ ನಾಲಿಗೆ ನಡುಗುತ್ತದೆ, ಪೇಟಿ ಹಾಡುತ್ತದೆ. ತುಳಿಯದಿದ್ದರೆ ಅದು ಬರೀ ಕಟ್ಟಿಗೆ. ಕಾಲಿಲ್ಲದವನ ಪೇಟಿಗೆ ಕಾಲಾಗಿದ್ದು ನಾನು. ಗಾಲಿಕುರ್ಚಿಯಲ್ಲಿ ಕೂತು ಅವನು ಬಾರಿಸುತ್ತಿದ್ದ, ಮಗ್ಗುಲಲ್ಲಿ ತಗ್ಗು ಸ್ಟೂಲಿನ ಮೇಲೆ ಕೂತು ನಾನು ತುಳಿಯುತ್ತಿದ್ದೆ.

ಈ ಪೇಟಿಯ ಮೂಲಪುರುಷನನ್ನು ನಾನು ಮೊಬೈಲಿನಲ್ಲಿ ನೋಡಿದ್ದೇನೆ. ವಿಲಾಯತಿಯ ಚರ್ಚುಗಳಲ್ಲಿ ಗೋಡೆ ತುಂಬ ಎದ್ದು ನಿಂತ ಕೊಳವೆ ಆರ್ಗನ್. ಕೊಳಲಿನಷ್ಟು ಸಣ್ಣವು, ತೆಂಗಿನ ಮರದಷ್ಟು ಎತ್ತರದವು, ಒಂದೊಂದು ಕೊಳವೆಗೆ ಒಂದೊಂದು ದನಿ. ಕರೆಂಟು ಬರುವ ಮೊದಲು ಅದರ ಹಿಂದೆ ಕತ್ತಲಲ್ಲಿ ಆಳುಗಳು ನಿಂತು ತಿದಿ ಒತ್ತುತ್ತಿದ್ದರಂತೆ. ಬಾರಿಸಿದವರ ಹೆಸರು ಇತಿಹಾಸದಲ್ಲಿದೆ. ಗಾಳಿ ಹಾಕಿದವರ ಹೆಸರನ್ನು ಯಾರ ಅಪ್ಪನೂ ಬರೆದಿಟ್ಟಿಲ್ಲ. ಆಮೇಲೆ ಯಾರೋ ಜಾಣರು ಕೊಳವೆ ಬಿಟ್ಟು ಹಿತ್ತಾಳೆಯ ನಾಲಿಗೆ ಇಟ್ಟು, ಮನೆಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿದರು. ಅದು ಪಾದ್ರಿಗಳ ಜೊತೆ ಹಡಗು ಹತ್ತಿ ಬಂತು, ಮರಾಠಿ ನಾಟಕದವರ ಕೈ ಸೇರಿತು, ಅಲ್ಲಿಂದ ನಮ್ಮ ಕಂಪನಿಗಳಿಗೆ, ಕಂಪನಿ ಮುಳುಗಿದ ಮೇಲೆ ಅಪ್ಪನಿಗೆ.

ನನಗೆ ಆ ಪೇಟಿಯ ಮನೆಗಳ ಮೇಲೆ ಕೈ ಇಡಬೇಕಿತ್ತು. ಅದೊಂದೇ ಆಸೆ. ಗಂಡನ ಮನೆ ಬಿಟ್ಟು ಬಂದವಳು, ಅವ್ವ ಇಲ್ಲದವಳು, ನನಗೂ ಒಂದು ಬಾಳು ಬೇಕಲ್ಲ? ನಮ್ಮ ಕಡೆ ಸವಡಿಯಿರಲಿ, ಮೆಣಸಗಿಯಿರಲಿ, ಯಾವ ಊರಲ್ಲೂ ಹುಡುಗರು ಕೂಡಿ ನಾಟಕ ಹಚ್ಚುತ್ತಾರೆ. ಪೇಟಿ ಮಾಸ್ತರ ಹೋಗಿ, ಬಾಯಿಂದ ಹಾಡಿ ತೋರಿಸಿ, ಒಬ್ಬೊಬ್ಬರಿಗೂ ಹಾಡು ಕೂಡಿಸಬೇಕು. ಬಾರಿಸಿದರೆ ಸಾಲದು, ಅವನ ಬಾಯಿಯ ಸ್ವರ ಗಟ್ಟಿಯಿರಬೇಕು. ಹೆಣ್ಣುಮಗಳೊಬ್ಬಳು ಮಾಸ್ತರ ಆಗಿ ಹೋದರೆ ಹೇಗಿರುತ್ತದೆ ಎಂದು ಪಾವಟಿಗೆ ತುಳಿಯುತ್ತಲೇ ನೆನೆಸಿಕೊಳ್ಳುತ್ತಿದ್ದೆ. ಕಲಿಸು ಅಂದರೆ ಅಪ್ಪ, "ನೀ ತುಳಿಯೂದು ತುಳಿ" ಅನ್ನುತ್ತಿದ್ದ.

ಅಸೂಟಿ ಎಂಬ ಊರಿನ ಸಾಲೆಯ ಬಯಲಿನಲ್ಲಿ ಅಪ್ಪನಿಗೊಂದು ಸತ್ಕಾರ ಇಟ್ಟರು. ಹಾರ, ಶಾಲು, ಮೈಕು. ಇಳಿಹೊತ್ತಿನ ಬಿಸಿಲಲ್ಲಿ ಊರೆಲ್ಲ ಕೂತಿತ್ತು. ಹಿರಿಯರೊಬ್ಬರು ಎದ್ದು, "ಮಾಸ್ತರ, ನಿಮ್ಮ ಮಗಳೂ ಒಂದು ಬಾರಸ್ಲಿ ಬಿಡ್ರಿ" ಅಂದರು. ನಾನು ಸ್ಟೂಲಿನಿಂದ ಅರ್ಧ ಎದ್ದೆ. ಅಪ್ಪ ಮೈಕು ಬಾಯಿಗೆ ಎಳೆದುಕೊಂಡ. "ಅಕಿ ಕಾಲಷ್ಟ ಭೇಷ್ ಅದಾವ್ರಿ. ತಲ್ಯಾಗ ಏನಿಲ್ಲ. ಇದ್ದಿದ್ರ ಗಂಡನ ಮನ್ಯಾಗ ಬಾಳೇ ಮಾಡ್ತಿದ್ಲು." ಊರಿಗೆ ಊರೇ ಘೊಳ್ಳೆಂದಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ಅಪ್ಪ ಭೀಮಪಲಾಸ ರಾಗ ಎತ್ತಿಕೊಂಡ. ಹದಕ್ಕೆ ಬಂದು, ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಮೇಲೇರುತ್ತಿದ್ದಾಗ ನಾನು ಪಾವಟಿಗೆಯಿಂದ ಕಾಲು ತೆಗೆದು ಮಡಿಚಿ ಕೂತೆ. ಪೇಟಿಯ ಉಸಿರು ನಿಂತಿತು. ಅವನ ಬೆರಳುಗಳು ಮಾತ್ರ ಓಡುತ್ತಿದ್ದವು. ಮೈಕಿನಲ್ಲಿ ಮನೆಗಳ ಟಕಟಕ ಬಿಟ್ಟರೆ ಏನೂ ಇಲ್ಲ.

"ಮಾಸ್ತರ, ಪೇಟಿ ಸತ್ತತೇನ್ರಿ?" ಎಂದು ಯಾರೋ ಕೂಗಿದರು. ನಗು ಈಗ ಅವನ ಪಾಲಿಗೆ ಬಂತು.

"ತುಳಿಯಲೇ," ಅಂದ ಅಪ್ಪ, ಹಲ್ಲು ಕಡಿದು.

"ತಲ್ಯಾಗ ಏನಿಲ್ಲಲ್ಲಪಾ, ತುಳಿಯೂದು ಮರತೆ," ಅಂದೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಎಷ್ಟೋ ದಿನ ಕಳೆದವು. ಆಮೇಲೆ ಒಂದು ಮುಂಜಾನೆ ಅಪ್ಪ ಕರೆದು, "ಇನ್ನ ನನ್ನ ಕೈ ನಡಗ್ತಾವ. ನಾ ಎಲ್ಲೀ ಹೋಗೂದಿಲ್ಲ. ಪೇಟಿ ನಿನಗ. ಕುಂದ್ರು, ಕಲಸ್ತೀನಿ" ಅಂದ. ನಾನು ಅವನ ಕುರ್ಚಿಗೆ ಹಣೆ ಹಚ್ಚಿದೆ. ನನ್ನಂಥ ಹುಚ್ಚಮೂಳಿ ಹುಡುಕಿದರೂ ಸಿಗಲಿಕ್ಕಿಲ್ಲ.

ಕಲಿಸಿದ, ಖರೇನೇ ಕಲಿಸಿದ. ಬೈಯಲಿಲ್ಲ. ಬೆರಳು ಸರಿಯಾಗಿ ಬಿದ್ದರೆ ಭಲೇ ಅನ್ನುತ್ತಿದ್ದ. ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದ: "ಪೇಟಿ ಹೇಳಿದ್ದ ಖರೇ. ಅದರ ಸ್ವರಕ್ಕ ಬಾಯಿ ಕೂಡಸು. ನಿನ್ನ ಕಿವಿ ಮಾತ ಕೇಳಬ್ಯಾಡ." ಆಗಾಗ ಪೇಟಿ ಬಿಚ್ಚಿಸಿ, ನಡುಗದಂತೆ ಮಣಿಕಟ್ಟು ಊರಿಕೊಂಡು, ಹಿತ್ತಾಳೆಯ ನಾಲಿಗೆಗಳನ್ನು ಸಣ್ಣ ಚೂರಿಯಿಂದ ಕೆರೆಯುತ್ತಿದ್ದ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. "ಹವಾಕ್ಕ ಸ್ವರ ಜಗ್ಗ್ಯಾವ, ಸರಿ ಮಾಡ್ತೀನಿ" ಅನ್ನುತ್ತಿದ್ದ. ಅವನಿಗೆ ಕಾಣಲೆಂದು ಬ್ಯಾಟರಿ ಹಿಡಿದು ನಿಂತವಳೂ ನಾನೇ. ಹೀಗೆ ಎರಡು ಮಳೆಗಾಲ ಕಳೆದವು. ನಾನು ದಿನಾ ಆ ಪೇಟಿಗೆ ಬಾಯಿ ಕೂಡಿಸಿ ಹಾಡಿದೆ.

ನರಗುಂದದ ಹುಡುಗರು ನಾಟಕಕ್ಕೆ ಕರೆದರು. ಮೊದಲ ಹೆಣ್ಣು ಪೇಟಿ ಮಾಸ್ತರ ಎಂದು ಅವರಿಗೂ ಹುರುಪು. ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಅಲ್ಲಿ ಅವರದೇ ಪೇಟಿ ಇತ್ತು. ನಾಯಕಿಯ ಪಾತ್ರಕ್ಕೆ ಹೊರಗಿಂದ ಬಂದ ಹಾಡುಗಾರ್ತಿಯೊಬ್ಬಳಿದ್ದಳು. ಬಾರಿಸುತ್ತ ಮೊದಲ ಸಾಲು ಹಾಡಿ ತೋರಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು. "ಪೇಟಿ ಒಂದು ಹೇಳತೈತಿ, ನೀವೊಂದು ಹಾಡ್ತೀರಲ್ರಿ" ಅಂದಳು.

"ನಿಮ್ಮ ಪೇಟಿ ಕೆಟ್ಟೈತಿ, ಬ್ಯಾರೇದು ತರ್ರಿ" ಎಂದು ನಾನು ಜಬರಿಸಿದೆ. ಪಾಪ, ಭಜನಾ ಮಂದಿಯದನ್ನು ಹೊತ್ತು ತಂದರು. ಅದೂ ನನಗೆ ವಾರೆಯೇ ಕೇಳಿತು. ತಬಲಾದ ಹುಡುಗ ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದು ಪೇಟಿಯ ಮುಂದೆ ಹಿಡಿದ. ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ನನ್ನ ಬಾಯಿಯ ಮುಂದೆ ಹಿಡಿದ. ಗಂಧಾರಕ್ಕೆ ಮುಳ್ಳು ವಾಲಿತು. ನಿಷಾದಕ್ಕೆ ಇನ್ನೂ ವಾಲಿತು. ಹಾಡುಗಾರ್ತಿ ಮುಖ ತಿರುಗಿಸಿ ನಕ್ಕಳು. ಹುಡುಗರು ಭಾಳ ಮರ್ಯಾದೆಯವರು. "ಅಕ್ಕಾರ, ಚಾ ಕುಡೀರಿ. ಗಜೇಂದ್ರಗಡಕ್ಕ ಈಗೊಂದು ಬಸ್ ಐತಿ" ಅಂದರು. ಆ ಮರ್ಯಾದೆಗಿಂತ ನಾಲ್ಕು ಚಪ್ಪಲಿ ಏಟು ಹಾಕಿದ್ದರೆ ಚಲೋ ಇತ್ತು.

ಮನೆಗೆ ಬಂದಾಗ ಅಪ್ಪ ಕಾಯುತ್ತಿದ್ದ. "ಹ್ಯಾಂಗಾತವಾ ನರಗುಂದದಾಗ?" ಅಂದ. ಇಷ್ಟು ಅಕ್ಕರೆಯಿಂದ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ. ನಾನು ಮೊಬೈಲು ತೆಗೆದು, ಅದೇ ಆ್ಯಪ್ ಹಾಕಿ, ನಮ್ಮ ಪೇಟಿಯ ಒಂದೊಂದೇ ಮನೆ ಒತ್ತಿದೆ. ಮುಳ್ಳು ಕುಡುಕನ ಹಾಗೆ ಓಲಾಡಿತು.

"ಬೇಕಂತ ಮಾಡಿದಿ?" ಅಂದೆ.

"ಹೌದು, ಬೇಕಂತ. ಒಮ್ಮಿಗೇ ಕೆಡಿಸಿದ್ರ ನಿನಗ ತಿಳೀತಿತ್ತು. ಅದಕ್ಕ ಕೂದಲೆಳಿ ಅಷ್ಟಷ್ಟ ಕೆರದೆ. ಅಸೂಟ್ಯಾಗ ಮಂದಿ ನಕ್ಕದ್ದು ನನ್ನ ಕಿವ್ಯಾಗ ಇನ್ನೂ ಐತಿ. ಇನ್ನ ನಿನ್ನ ನೋಡಿ ನಗ್ಲಿ."

"ಸರಿ ಮಾಡಿಕೊಡು."

"ಇನ್ನಷ್ಟು ಕೆರದ್ರ ನಾಲಿಗಿ ಮುರೀತಾವ. ಕೆರದ ಹಿತ್ತಾಳಿ ಮತ್ತ ಬೆಳೀತೈತೇನ? ನಿನ್ನ ಕಿವೀನೂ ಅಷ್ಟ." ಹಾಗೆಂದು ಊಟಕ್ಕೆ ಹಾಕಲು ಹೇಳಿದ. ನಾನು ಹಾಕಿದೆ. ರೊಟ್ಟಿ ಮುರಿಯುವಾಗ ಅವನ ಕಿವಿಯೊಳಗಿನ ಹತ್ತಿಯ ಉಂಡೆ ಕಣ್ಣಿಗೆ ಬಿತ್ತು. ಪಾಠ ಶುರುವಾದಂದಿನಿಂದ ಥಂಡಿಯೆಂದು ತುರುಕಿಕೊಂಡದ್ದು ಅದು. ತಾನು ಕೆಡಿಸಿದ್ದನ್ನು ತಾನೇ ಕೇಳಲಾರದೆ ಬರೀ ನನ್ನ ಬೆರಳು ನೋಡಿ ಕಲಿಸಿದ್ದ ಪುಣ್ಯಾತ್ಮ.

ಮರುದಿನ ಮುಂಜಾನೆ ಅವನು ಏಳುವ ಮೊದಲೇ ಗಾಲಿಕುರ್ಚಿಯನ್ನು ಅಂಗಳಕ್ಕೆ ತಳ್ಳಿದೆ. ಕಿವಿಯ ಹತ್ತಿ ಕಿತ್ತು ಒಲೆಗೆ ಹಾಕಿದೆ. ಪೇಟಿಯನ್ನು ಅವನ ಮಂಚದ ತಲೆಯ ಹತ್ತಿರ ಎಳೆದು ತಂದು, ತುಳಿಯುತ್ತ, ಬಾರಿಸುತ್ತ, ಬಾಯಿ ಬಿಟ್ಟು ಹಾಡಿದೆ. ಅಪ್ಪ ಸುಟ್ಟವನ ಹಾಗೆ ಎಗರಿ ಎದ್ದ. ಎದ್ದು ಹೋಗುವುದೆಲ್ಲಿಗೆ?

"ಹತ್ತಿ ಕೊಡು," ಅಂದ.

"ಹತ್ತಿ ಇಲ್ಲ," ಅಂದೆ. ಸೀಮೆಯ ತುಂಬ ಹತ್ತಿಯ ಹೊಲ.

ಅವನು ಅಂಗೈಗಳಿಂದ ಕಿವಿ ಒತ್ತಿ ಹಿಡಿದ. ಕೈ ನಡುಗಿ ಜಾರುತ್ತಿದ್ದವು. ಕೈ ನಡುಗುತ್ತವೆ ಅಂದದ್ದೊಂದು ಮಾತ್ರ ಅವನು ಖರೇ ಹೇಳಿದ್ದ. "ಸಾಕ ಮಾಡವಾ, ನಿನ್ನ ಕಾಲಿಗೆ ಬೀಳ್ತೀನಿ. ಆ ಗಂಧಾರ ನಿನಗ ಕೇಳಸೂದಿಲ್ಲೇನ?"

"ಕೇಳಸ್ತೈತೋ ಅಪ್ಪಾ. ನನಗ ಸರೀನ ಕೇಳಸ್ತೈತಿ."

ಸುಳ್ಳು ಹೇಳಿರಲಿಲ್ಲ. ಅವನು ಗೋಡೆಯ ಕಡೆ ಹೊರಳಿ ಅಳತೊಡಗಿದ. ನಾನು ಮೇಲಿನ ಸಪ್ತಕಕ್ಕೆ ಹೋದೆ.