ಟಣ್ ಅಂದರೆ ಪಾಸ್, ಡಬ್ ಅಂದರೆ ಫೇಲ್

ಬೆಳಗಿನ ಆರು ಗಂಟೆ. ವಾಹನ ತಪಾಸಣಾ ಕೇಂದ್ರದ ತಗಡಿನ ಶೆಡ್ಡಿನಲ್ಲಿ ಇನ್ನೂ ಒಂದೇ ದೀಪ ಉರಿಯುತ್ತಿದೆ. ನೆಲದ ನಡುವೆ ಆಳೆತ್ತರಕ್ಕೆ ತೋಡಿದ ಉದ್ದನೆಯ ಕಾಂಕ್ರೀಟ್ ಗುಂಡಿ. ಬಲ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು, ಒಂಬತ್ತು ಮೆಟ್ಟಿಲನ್ನೂ ಬಾಯಲ್ಲೇ ಎಣಿಸುತ್ತ, ಐವತ್ತಾರು ವರ್ಷದ ಒಬ್ಬರು ಅದರೊಳಕ್ಕೆ ಇಳಿಯುತ್ತಾರೆ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಸೀಮೆಸುಣ್ಣ, ಸೊಂಟದ ಪಟ್ಟಿಗೆ ಸಿಕ್ಕಿಸಿದ ಪುಟ್ಟ ಸುತ್ತಿಗೆ. ಹಿಂದಿನ ದಿನ ತೊಟ್ಟಿಕ್ಕಿದ ಎಣ್ಣೆಯ ಮೇಲೆ ಮರದ ಹೊಟ್ಟು ಉದುರಿಸಿ ಗುಡಿಸುತ್ತಾರೆ. ಆಮೇಲೆ ಮೇಲಕ್ಕೆ ನೋಡದೆಯೇ ಕೂಗುತ್ತಾರೆ: "ಬಿಡ್ರಪ್ಪಾ ಮೊದಲನೇದು!"

ಮೊದಲನೆಯದು ಹದಿನಾರು ವರ್ಷದ ವ್ಯಾನು, ಎರಡು ಕೈ ಬದಲಾಯಿಸಿ ಬಂದದ್ದು. ಅದು ಗುಂಡಿಯ ಮೇಲೆ ಬಂದು ನಿಲ್ಲುತ್ತಲೇ ಒಳಗೆ ಕತ್ತಲು. ಸುತ್ತಿಗೆ ಕೆಲಸ ಶುರು ಮಾಡುತ್ತದೆ. ಟಣ್, ಟಣ್, ಟಣ್. ನಡುವೆ ಒಮ್ಮೆ ನಿಂತು, ಸ್ಟೇರಿಂಗಿನ ಕೀಲಿನ ಮೇಲಿನ ಹರಿದ ರಬ್ಬರನ್ನು ಬೆರಳಿನಿಂದ ಎಳೆದು ನೋಡಿ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ಒಂಬತ್ತು ನಿಮಿಷಕ್ಕೆ ವ್ಯಾನು ಮುಂದೆ ಸರಿಯುತ್ತದೆ, ಬೆಳಕು ಮತ್ತೆ ಬರುತ್ತದೆ.

ಇವರನ್ನು ಎಲ್ಲರೂ ಕರೆಯುವುದು ಗುಂಡಿಯಣ್ಣ ಎಂದು. ದೊಡ್ಡ ಸಾಹೇಬರೂ ಹಾಗೆಯೇ ಕರೆಯುತ್ತಾರೆ. ಇಪ್ಪತ್ತೇಳು ವರ್ಷದಿಂದ ಗಾಡಿಗಳ ಹೊಟ್ಟೆ ನೋಡುವುದೇ ಕೆಲಸ. ಅದಕ್ಕೂ ಮೊದಲು ಹತ್ತು ವರ್ಷ ಗಾಡಿಗಳ ಬಾಡಿ ರಿಪೇರಿ ಮಾಡುವ ಶೆಡ್ಡಿನಲ್ಲಿದ್ದರು. ತುಕ್ಕನ್ನು ಮುಚ್ಚುವ ಕಲೆಯನ್ನು ಅಲ್ಲಿ ಕಲಿತರು, ಇಲ್ಲಿ ಅದನ್ನೇ ಹಿಡಿದು ಹೊರಗೆಳೆಯುತ್ತಾರೆ. ಕಳ್ಳನ ಗುಟ್ಟು ಕಳ್ಳನಿಗೇ ಗೊತ್ತು ಎಂದು ಯಾರಾದರೂ ಚುಡಾಯಿಸಿದರೆ ಬೇಸರವಿಲ್ಲ. "ಹೌದಲ್ವಾ ಮತ್ತೆ? ಪುಟ್ಟಿ ಮೆತ್ತಿದವನಿಗೇ ತಾನೆ ಪುಟ್ಟಿ ಎಲ್ಲಿರುತ್ತೆ ಅಂತ ಗೊತ್ತಾಗೋದು" ಎನ್ನುತ್ತಾರೆ.

ಮೇಲೆ ಯಂತ್ರಗಳಿಗೇನೂ ಕಡಿಮೆಯಿಲ್ಲ. ಬ್ರೇಕು ಅಳೆಯಲು ಉರುಳೆ, ದೀಪ ಅಳೆಯಲು ಒಂದು ಪೆಟ್ಟಿಗೆ, ಹೊಗೆ ಅಳೆಯಲು ಇನ್ನೊಂದು. ಕೆಳಗೆ ಇರುವುದು ಇವರ ಕಿವಿ ಮಾತ್ರ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ದಿನಕ್ಕೆ ನಲವತ್ತು ಗಾಡಿ, ಒಂದೊಂದಕ್ಕೂ ಮೂವತ್ತೆರಡು ಕಡೆ ಪೆಟ್ಟು. ಗುಣಿಸಿ ನೋಡುವ ಗೋಜಿಗೆ ಅವರು ಹೋಗಿಲ್ಲ. ಹೋಗಿರುವುದು ಅವರ ಬಲ ಭುಜ, ಅದನ್ನು ವೈದ್ಯರು ಎರಡು ಸಲ ಹೇಳಿದ್ದಾರೆ.

ಹದಿನೈದು ವರ್ಷ ದಾಟಿದ ವ್ಯಾನುಗಳು ಹತ್ತು ಬಂದರೆ ಆರು ಮೊದಲ ಸುತ್ತಿನಲ್ಲೇ ಬೀಳುತ್ತವೆ ಎಂಬುದು ಅವರ ಲೆಕ್ಕ. "ಜನ ಇಂಜಿನ್ನಿಗೆ ಹೆದರ್ತಾರೆ. ಇಂಜಿನ್ ಯಾವತ್ತೂ ಫೇಲ್ ಮಾಡಲ್ಲ ಸಾರ್. ಫೇಲ್ ಮಾಡೋದು ಒಂದು ಸುಟ್ಟ ಬಲ್ಬು, ಸವೆದ ಟೈರು, ನೀರು ಒರೆಸದ ವೈಪರು. ಮನೆಯಿಂದ ಹೊರಡೋ ಮುಂಚೆ ಒಂದ್ಸಲ ಗಾಡಿ ಸುತ್ತಿದ್ರೆ ಸಿಗುತ್ತೆ. ಆದ್ರೆ ಸುತ್ತೋರು ಯಾರು?" ಅದಾದ ಮೇಲೆ ಬರುವುದು ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದ ಕೈಬ್ರೇಕು, ತೂತಾದ ಹೊಗೆ ಕೊಳವೆ, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್. ಕೊನೆಗೆ ಇವರ ಪಾಲಿನವು ಎರಡು: ತುಕ್ಕು ತಿಂದ ಬ್ರೇಕ್ ಪೈಪು ಮತ್ತು ತುಕ್ಕು ತಿಂದ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು. ಬಲ್ಬು ಹೋದರೆ ದಂಡ ಬೀಳುತ್ತದೆ, ಇವೆರಡು ಹೋದರೆ ಗಾಡಿಯೇ ಬೀಳುತ್ತದೆ.

ಗುಂಡಿಯಣ್ಣನಿಗೆ ಒಂದು ವಿಚಿತ್ರ ಪದ್ಧತಿ ಇದೆ. ಗಾಡಿ ಬರುವ ಮೊದಲೇ ಗುಂಡಿಗೆ ಇಳಿದಿರುತ್ತಾರೆ. ಕಾಗದ ನೋಡುವುದಿಲ್ಲ, ಮಾಲೀಕರ ಮುಖವನ್ನಂತೂ ನೋಡುವುದೇ ಇಲ್ಲ. ಅವರಿಗೆ ಕಾಣುವುದು ಗುಂಡಿಯ ಅಂಚಿನಲ್ಲಿ ನಿಂತ ಚಪ್ಪಲಿ, ಬೂಟು ಅಷ್ಟೇ.

ಇದಕ್ಕೊಂದು ಕಾರಣವಿದೆ, ಹೇಳುವಾಗ ಅವರ ದನಿ ತಗ್ಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬ್ರೆಡ್ ಮಾರುವವರೊಬ್ಬರು ವ್ಯಾನು ತಂದಿದ್ದರು. ನಗುಮುಖ, ಸವಿಮಾತು. ವ್ಯಾನಿನ ತಳಕ್ಕೆ ಆಗಷ್ಟೇ ಬಳಿದ ಕಪ್ಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಗುಂಡಿಯಣ್ಣ ಎರಡೇ ಕಡೆ ಬಡಿದು ಪಾಸು ಮಾಡಿದರು. ಎಂಟನೆಯ ದಿನ ಇಳಿಜಾರಿನಲ್ಲಿ ಹಿಂದಿನ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಾ ಕಿತ್ತುಬಂದು ವ್ಯಾನು ಗೋಡೆಗೆ ಗುದ್ದಿತು. "ಮುಖ ನೋಡಿ ಮಣೆ ಹಾಕಿದೆ. ಅವರು ಕಾಲು ತೆತ್ತರು" ಎನ್ನುತ್ತಾರೆ. ಆ ಬ್ರೆಡ್ಡಿನವರು ಈಗಲೂ ವರ್ಷಕ್ಕೊಮ್ಮೆ ಗಾಡಿ ತರುತ್ತಾರೆ. ಗಿಡ್ಡವಾದ ಕಾಲಿನ ಬೂಟಿನ ಅಟ್ಟೆ ಇನ್ನೊಂದಕ್ಕಿಂತ ಎರಡು ಬೆರಳು ದಪ್ಪ. ಅದು ಕಂಡ ದಿನ ಮೂವತ್ತೆರಡರ ಬದಲು ಅರವತ್ತು ಪೆಟ್ಟು ಬೀಳುತ್ತದೆ.

ಮನೆಯಲ್ಲಿಯೂ ಈ ಚಾಳಿ ಬಿಟ್ಟಿಲ್ಲ. "ಹೊಸ ಪಾತ್ರೆ ತಂದ್ರೂ ಬಡಿದು ನೋಡ್ತಾರೆ, ಬೀರು ತಂದ್ರೂ ಬಡಿದು ನೋಡ್ತಾರೆ. ಮದುವೆಗೆ ಮುಂಚೆ ನನ್ನ ತಲೆಗೊಂದು ಬಡಿದು ನೋಡ್ಲಿಲ್ಲ, ನನ್ನ ಪುಣ್ಯ" ಎಂದು ಹೆಂಡತಿ ನಗುತ್ತಾರೆ. ನಗು ನಿಂತ ಮೇಲೆ ಅವರೇ ಮೆಲ್ಲಗೆ ಸೇರಿಸುತ್ತಾರೆ: "ಆದ್ರೆ ಈ ನಾಲ್ಕು ತಿಂಗಳಿಂದ ಮನುಷ್ಯ ಸರಿಯಾಗಿ ಉಣ್ತಿಲ್ಲ. ಅಕ್ಕ ಮಾತು ಬಿಟ್ಟಿದ್ದಾರಲ್ಲ."

ಅಕ್ಕ ಎಂದರೆ ಗುಂಡಿಯಣ್ಣನಿಗಿಂತ ಆರು ವರ್ಷ ದೊಡ್ಡವರು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಡಯಾಲಿಸಿಸ್‌ಗೆ ಹೋಗುವ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಮುಟ್ಟಿಸಿ, ಸಂಜೆ ವಾಪಸು ಕರೆತರುವುದು ಅವರ ವೃತ್ತಿ. ಹಳೆಯ ಗಾಡಿ ಕೈಕೊಟ್ಟಾಗ ಹದಿನೇಳು ವರ್ಷದ ಒಂದು ವ್ಯಾನು ಕೊಂಡರು. ತಮ್ಮನಿಗೆ ತೋರಿಸಲಿಲ್ಲ. ತೋರಿಸಿದರೆ ಅವನು ಸುತ್ತಿಗೆ ಹಿಡಿದು ಬರುತ್ತಾನೆ, ಬೇಡ ಎನ್ನುತ್ತಾನೆ ಎಂಬ ಭಯ. ಪಾಸು ಮಾಡಿಸಿಕೊಂಡೇ ಅವನ ಮನೆ ಮುಂದೆ ನಿಲ್ಲಿಸಬೇಕೆಂಬ ಆಸೆಯೂ ಇತ್ತು. ಗುಂಡಿಯೊಳಗಿನ ತಮ್ಮನಿಗೆ ಗುರುತು ಸಿಗದಿರಲೆಂದು ತಪಾಸಣೆಯ ದಿನ ಹೊಸ ಬೂಟು ಹಾಕಿಕೊಂಡು ಬಂದರು.

ತಮ್ಮನಿಗೆ ಅಕ್ಕನ ಚಪ್ಪಲಿ ಗೊತ್ತಿತ್ತು, ಬೂಟು ಗೊತ್ತಿರಲಿಲ್ಲ. ತಳದಲ್ಲಿ ಹೊಸ ಕಪ್ಪು ಬಣ್ಣ ಕಂಡೊಡನೆ ಕಿವಿ ನಿಮಿರಿತು. ಟಣ್, ಟಣ್, ಮತ್ತೆ ಹಿಂದಿನ ಪಟ್ಟಾ ಕೂರುವ ಜಾಗದಲ್ಲಿ ಡಬ್. ಅಲ್ಲಿ ದೊಡ್ಡದೊಂದು ಗೀಟು ಎಳೆದು, ಮೆಟ್ಟಿಲು ಹತ್ತಿ ಮೇಲೆ ಬಂದರೆ ಬೂಟಿನ ಮೇಲೆ ಅಕ್ಕ ನಿಂತಿದ್ದಾರೆ.

ಮನೆಯವರ ಗಾಡಿಯನ್ನು ನೋಡುವಂತಿಲ್ಲ ಎಂದು ಕೇಂದ್ರದ ನಿಯಮ. ನೋಡಿದ್ದು ರದ್ದು, ಬೇರೊಬ್ಬರು ಮೊದಲಿನಿಂದ ನೋಡಬೇಕು, ಸಂಬಂಧಿಕನಾದವನು ಆ ಗಾಡಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಗುಂಡಿಯಣ್ಣ ಮತ್ತೆ ಕೆಳಗಿಳಿದು ತಾನೆಳೆದ ಗೀಟನ್ನು ತಾನೇ ಒರೆಸಬೇಕಾಯಿತು. ಅವರ ಬದಲಿಗೆ ಇಳಿದದ್ದು ಮೇಲೆ ಬ್ರೇಕ್ ಯಂತ್ರ ನೋಡಿಕೊಳ್ಳುವ ಗೆಳೆಯ. ಅವರು ಆಗಷ್ಟೇ ಚಹಾ ಕುಡಿದು ಬಂದಿದ್ದರು, ಗೀಟಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಒಳ್ಳೆಯವರೇ, ಆದರೆ ಡೊಳ್ಳು ಹೊಟ್ಟೆ, ಗುಂಡಿಯೆಂದರೆ ಉಬ್ಬಸ. ಟಾರ್ಚು ಬಿಟ್ಟು ನೋಡಿದರು. ಒಂದು ಹಿಂದಿನ ದೀಪ, ಒಂದು ಟೈರು, ಅಷ್ಟೇ ಬರೆದುಕೊಂಡರು. "ತಳ ಕನ್ನಡಿ ಇದ್ದಂಗಿದೆ ಅಕ್ಕಾ, ದೀಪ ಟೈರು ಹಾಕಿಸ್ಕೊಂಡು ಮಧ್ಯಾಹ್ನ ಬನ್ನಿ, ಪಾಸು" ಎಂದರು. ಅಕ್ಕನ ಮುಖ ಊರಗಲವಾಯಿತು.

ಗುಂಡಿಯಣ್ಣನಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಅಕ್ಕನ ದುಡಿಮೆ ಉಳಿಯುತ್ತದೆ. ಆದರೆ ಆ ವ್ಯಾನಿನಲ್ಲಿ ದಿನಾ ಹನ್ನೊಂದು ಜನ ರೋಗಿಗಳು ಕೂರುತ್ತಾರೆ, ಸ್ಟೇರಿಂಗ್ ಹಿಡಿದು ಅಕ್ಕನೇ ಕೂರುತ್ತಾರೆ. ಮಾತಾಡುವಂತಿಲ್ಲ ಎಂದು ನಿಯಮದಲ್ಲಿತ್ತು. ಸುತ್ತಿಗೆ ಕೊಡುವಂತಿಲ್ಲ ಎಂದು ಎಲ್ಲಿಯೂ ಇರಲಿಲ್ಲ. ಸೊಂಟದಿಂದ ಅದನ್ನು ತೆಗೆದು ಗೆಳೆಯನ ಕೈಗಿಟ್ಟರು.

ಇಪ್ಪತ್ತು ವರ್ಷದ ಒಡನಾಟ. ಗೆಳೆಯ ಏನೂ ಕೇಳದೆ ಮತ್ತೆ ಇಳಿದರು. ಒಂದೊಂದೇ ಕಡೆ ಬಡಿಯುತ್ತ ಹೋದರು. ಹಿಂದಿನ ಪಟ್ಟಾದ ಹತ್ತಿರ ಸುತ್ತಿಗೆಯ ಮೂತಿ ಒಳಕ್ಕೇ ಹೋಯಿತು. ಬಣ್ಣದ ಕೆಳಗೆ ಕಬ್ಬಿಣವೇ ಇರಲಿಲ್ಲ. ಹಳೆಯ ಬಟ್ಟೆ ತುರುಕಿ ಮೇಲೆ ಪುಟ್ಟಿ ಮೆತ್ತಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ಫಲಿತಾಂಶದ ಹಾಳೆಯ ಮೇಲೆ ಕೆಂಪು ಮೊಹರು ಬಿತ್ತು.

ಅಕ್ಕ ಆ ತೂತನ್ನು ನೋಡಲಿಲ್ಲ. ತಮ್ಮನ ಸೊಂಟದ ಪಟ್ಟಿಯನ್ನು ನೋಡಿದರು, ಅದು ಖಾಲಿಯಿತ್ತು. "ಬೆನ್ನಿಗೆ ಬಿದ್ದವನೇ ಹೀಗೆ ಮಾಡಿದ್ರೆ ಬೇರೆಯವರಿಗೆ ಏನು ಹೇಳೋದು? ಒಂದು ದಿನ ಕಣ್ಣು ಮುಚ್ಕೊಳ್ಳೋಕಾಗ್ಲಿಲ್ವಾ ನಿನಗೆ?" ಎಂದವರು ಅದೇ ಕೊನೆ, ಬಾಯಿಗೆ ಬೀಗ ಹಾಕಿಕೊಂಡರು. ವ್ಯಾನು ಐದು ವಾರ ವೆಲ್ಡಿಂಗ್ ಶೆಡ್ಡಿನಲ್ಲಿ ನಿಂತಿತು. ಮೂವರು ರೋಗಿಗಳು ಬೇರೆ ಗಾಡಿ ಹುಡುಕಿಕೊಂಡರು. ಮರುತಪಾಸಣೆಯ ದಿನ ಗುಂಡಿಯಣ್ಣನೇ ರಜೆ ಹಾಕಿ ಮನೆಯಲ್ಲಿ ಕೂತರು. ವ್ಯಾನು ಪಾಸಾಯಿತು ಎಂಬ ಸುದ್ದಿ ಗೆಳೆಯನಿಂದ ತಿಳಿಯಿತು.

ಅದಾದ ಮೊದಲ ಸೋಮವಾರ ಬೆಳಿಗ್ಗೆ ಅವರ ಫೋನು ಬಡಿದುಕೊಂಡಿತು. ಅಕ್ಕನ ನಂಬರು. ಎತ್ತಿದರೆ ಮಾತಿಲ್ಲ. ಸ್ವಲ್ಪ ಹೊತ್ತು ಬಟ್ಟೆ ಸರಿದ ಸದ್ದು, ಆಮೇಲೆ ಟಣ್, ಟಣ್, ಟಣ್. ವಾರಕ್ಕೊಮ್ಮೆ ಬಡಿದು ನೋಡಿ ಎಂದು ವೆಲ್ಡರ್ ಹೇಳಿದ್ದನಂತೆ. ಅಕ್ಕ ಸುತ್ತಿಗೆಯೇನೋ ಕೊಂಡಿದ್ದರು, ಸದ್ದಿನ ಅರ್ಥ ಕೊಳ್ಳಲು ಸಿಗುವುದಿಲ್ಲವಲ್ಲ. ಗುಂಡಿಯಣ್ಣ ಕೇಳಿಸಿಕೊಂಡು "ಹೂಂ" ಎಂದರು. ಫೋನು ಕಟ್ಟಾಯಿತು. ಅಲ್ಲಿಂದ ಇಲ್ಲಿಯವರೆಗೆ ಹನ್ನೆರಡು ಸೋಮವಾರ ಹೀಗೇ ನಡೆದಿದೆ. ಅಲ್ಲಿಂದ ಬಡಿತ, ಇಲ್ಲಿಂದ ಹೂಂ.

"ಮಾತಾಡಿಸ್ಬಹುದಲ್ಲ ನೀವೇ?" ಎಂದರೆ ತಲೆ ಅಲ್ಲಾಡಿಸುತ್ತಾರೆ. "ಹೆದರಿಕೆ ಸಾರ್. ಮಾತಾಡ್ಸೋಕೆ ಹೋಗಿ ಫೋನೇ ಮಾಡೋದು ಬಿಟ್ಬಿಟ್ರೆ?" ತಪ್ಪು ಮಾಡಿದೆ ಅನ್ನಿಸಿದೆಯೇ ಎಂಬ ಪ್ರಶ್ನೆಗೆ ಸುತ್ತಿಗೆಯ ಹಿಡಿಯನ್ನು ಹೆಬ್ಬೆರಳಲ್ಲಿ ಉಜ್ಜುತ್ತ ಕೂರುತ್ತಾರೆ. "ಇಲ್ಲ. ತಪ್ಪು ಮಾಡಿಲ್ಲ. ಆದ್ರೆ ಸಂಕಟ ಆಗಿದೆ. ಎರಡೂ ಒಟ್ಟಿಗೆ ಇರುತ್ವೆ ಅಂತ ನನಗೂ ಗೊತ್ತಿರ್ಲಿಲ್ಲ."

ಇನ್ನೆರಡು ವರ್ಷಕ್ಕೆ ನಿವೃತ್ತಿ. ಏನು ಬೇಕು ಎಂದು ಕೇಳಿದರೆ ದೊಡ್ಡ ಪಟ್ಟಿಯೇನಿಲ್ಲ. ಗುಂಡಿಯ ಮೆಟ್ಟಿಲಿಗೊಂದು ಕಬ್ಬಿಣದ ಹಿಡಿಕೆ, ಮುಂದೆ ಬರುವವರ ಮೊಣಕಾಲಿಗೆ. "ಇನ್ನೊಂದು... ಅಕ್ಕ ಒಂದ್ಸಲ ಬಾಯ್ತುಂಬ ಬೈದ್ರೆ ಸಾಕು. ಚಿಕ್ಕವನಿದ್ದಾಗ ಬೈತಿದ್ಳಲ್ಲ, ಹಾಗೆ."

ನಾವು ಇವರನ್ನು ಮಾತಾಡಿಸಲು ಹೋದ ಎರಡನೆಯ ಬೆಳಿಗ್ಗೆ ಸೋಮವಾರ. ಆರೂವರೆಗೆ, ಎರಡು ಗಾಡಿಗಳ ನಡುವೆ, ಗುಂಡಿಯ ಗೋಡೆಯ ಗೂಡಿನಲ್ಲಿಟ್ಟ ಫೋನು ಸದ್ದು ಮಾಡುತ್ತದೆ. ಗುಂಡಿಯಣ್ಣ ಟಾರ್ಚು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿ, ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಮೇಲೆ ಇಂಜಿನ್ನು ಗುರುಗುಟ್ಟುತ್ತಿರುವ ಗಾಡಿಗೆ ಆಫ್ ಮಾಡುವಂತೆ ಗೆಳೆಯ ಕೈಸನ್ನೆ ಮಾಡುತ್ತಾರೆ. ನಿಶ್ಶಬ್ದದಲ್ಲಿ ನಮಗೂ ಕೇಳಿಸುತ್ತದೆ. ಟಣ್. ಟಣ್. ಟಣ್.

"ಹೂಂ" ಎನ್ನುತ್ತಾರೆ ಗುಂಡಿಯಣ್ಣ.

ಫೋನು ಕಟ್ಟಾಗುವುದಿಲ್ಲ. ಅತ್ತಲಿಂದ ದಪ್ಪ ದನಿಯೊಂದು ಗುಂಡಿಯ ತುಂಬ ಮೊಳಗುತ್ತದೆ: "ಹೂಂ ಅಂದ್ರೆ ಏನೋ ಹೂಂ? ಮೂರು ತಿಂಗಳಿಂದ ಎಮ್ಮೆ ಥರ ಹೂಂಗುಡ್ತಿದೀಯ. ಬಿಟ್ಟು ಹೋಗಿದ್ದ ಮೂರು ಜನಾನೂ ಇವತ್ತು ವಾಪಸ್ ಬಂದಿದ್ದಾರೆ, ಗಾಡಿ ತುಂಬಿದೆ. ಬಾಯ್ಬಿಟ್ಟು ಹೇಳೋ ಮಂಗ, ಹೊರಡಬಹುದಾ ಬೇಡ್ವಾ?"

ಐವತ್ತಾರು ವರ್ಷದ ಮನುಷ್ಯ ಗುಂಡಿಯೊಳಗೆ ನೆಟ್ಟಗೆ ನಿಲ್ಲುತ್ತಾರೆ. ಕಣ್ಣು ಒದ್ದೆಯಾಗಿದೆ, ಒರೆಸಲು ಹೋದ ಕೈಯಿಂದ ಕೆನ್ನೆಗೆ ಗ್ರೀಸು ಮೆತ್ತಿಕೊಂಡಿದೆ.

"ಹೊರಡಬಹುದು ಅಕ್ಕಾ" ಎನ್ನುತ್ತಾರೆ. "ನಾನು ಹೇಳ್ತಿದೀನಲ್ಲ, ಹೊರಡು."