ಹಸಿರು ಪಟ್ಟಿಯ ಮೋಟಾರು

"ಒಮ್ಮೆ ಸುಟ್ಟ ಮೋಟಾರನ್ನು ಮತ್ತೆ ಕಟ್ಟಿಸಿದರೆ ಅದು ಕರೆಂಟು ತಿನ್ನುವ ರಾಕ್ಷಸನಾಗುತ್ತದೆ. ಬ್ಯಾಡಗಿಯ ಒಂದು ಖಾರದಪುಡಿಯ ಗಿರಣಿ ಮುಚ್ಚಿದ್ದೇ ಹಾಗೆ. ರಾಣೇಬೆನ್ನೂರಿನ ವೈಂಡಿಂಗ್ ಮಾಸ್ತರನೊಬ್ಬ ಕಟ್ಟಿಕೊಟ್ಟ ಒಂದೇ ಒಂದು ಮೋಟಾರು ಇಡೀ ಗಿರಣಿಯನ್ನು ನುಂಗಿತು."

ಕಳೆದ ತಿಂಗಳು ಹಾವೇರಿಯಲ್ಲಿ ನಡೆದ ವಿದ್ಯುತ್ ಉಳಿತಾಯದ ಶಿಬಿರದಲ್ಲಿ ತರುಣ ಎಂಜಿನಿಯರರೊಬ್ಬರು ಹೇಳಿದ ಮಾತುಗಳಿವು. ಅವರು ಆ ಗಿರಣಿಯನ್ನು ಕಂಡವರಲ್ಲ, ಆ ಮಾಸ್ತರರನ್ನಂತೂ ಕಂಡಿರಲಿಕ್ಕೇ ಸಾಧ್ಯವಿಲ್ಲ. ಅವರನ್ನು ದೂರುವುದೂ ಸರಿಯಲ್ಲ. ಇಪ್ಪತ್ತು ವರುಷಗಳಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರುಗಳಲ್ಲಿ ಈ ಕಥೆ ಹೀಗೆಯೇ ಬಾಯಿಂದ ಬಾಯಿಗೆ ದಾಟಿ ಬಂದಿದೆ. ಅದರ ಮೊದಲ ವಾಕ್ಯದಲ್ಲಿ ಅರ್ಧ ಸತ್ಯವಿದೆ. ಕೊನೆಯ ವಾಕ್ಯ ಪೂರಾ ಸುಳ್ಳು. ಆ ಸುಳ್ಳು ಹುಟ್ಟಿದಾಗ ನಾನು ಅಲ್ಲಿಯೇ, ಆ ಮೋಟಾರಿನ ಪಕ್ಕದಲ್ಲಿ, ನಿಂತಿದ್ದೆ.

ನಾನು ಎದ್ದು ನಿಂತು, ಆ ಮೋಟಾರನ್ನು ಕಟ್ಟಿದವರು ಮಾಸ್ತರರಲ್ಲ ಎಂದೆ. ಧ್ವನಿವರ್ಧಕದ ಬಳಿಯಿದ್ದವನು ನಕ್ಕು, "ಅಜ್ಜಾರ, ಕುಂದ್ರಿ ಕುಂದ್ರಿ. ನಿಮ್ಮ ಬಲ್ಬ್ ಎಲ್ಲೂ ಹೋಗೂದಿಲ್ಲ, ಎಲ್ಲಾರಿಗೂ ಒಂದೊಂದು ಐತಿ" ಎಂದ. ಸಭೆ ನಕ್ಕಿತು. ಶಿಬಿರದಲ್ಲಿ ಪುಕ್ಕಟೆ ಹಂಚುತ್ತಿದ್ದ ಒಂದು ಎಲ್‌ಇಡಿ ಬಲ್ಬು ನನ್ನ ಕೈಗೆ ಬಂತು.

ಹೊರಗೆ ಬಂದು ಬಸ್ ನಿಲ್ದಾಣದತ್ತ ನಡೆಯುವಾಗ, ಯಾವುದೋ ವೈಂಡಿಂಗ್ ಅಂಗಡಿಯ ಹಿತ್ತಿಲಿನಿಂದ ಆ ವಾಸನೆ ಬಂತು... ಹಳೆಯ ವಾರ್ನಿಷು, ಟೈರು, ಸೀಮೆಎಣ್ಣೆ ಮೂರೂ ಕೂಡಿ ಉರಿಯುವ ಕಪ್ಪು ವಾಸನೆ. ಸುಟ್ಟುಹೋದ ಮೋಟಾರಿನ ತಾಮ್ರವನ್ನು ಕೀಳಲು ಅದನ್ನು ಇನ್ನೊಮ್ಮೆ ಸುಡುತ್ತಿದ್ದರು. ಮೂಗಿಗೆ ಬಟ್ಟೆ ಹಿಡಿದು ನಿಂತೆ. ಕಣ್ಣೆದುರಿಗೆ ಮಾತ್ರ ಆ ಬೆಂಕಿಯಿರಲಿಲ್ಲ. ರಾಣೇಬೆನ್ನೂರಿನ ಹಲಗೇರಿ ರಸ್ತೆಯಲ್ಲಿದ್ದ ಮಾಸ್ತರರ ತಗಡಿನ ಅಂಗಡಿಯೂ ಅದರೊಳಗೆ ಬಾಗಿ ಕುಳಿತ ಒಂದು ಬೆನ್ನೂ ಇದ್ದವು.

ನನ್ನ ಓದು ಏಳನೆಯ ಇಯತ್ತೆಗೆ ನಿಂತಿತು. ಬ್ಯಾಡಗಿಯ ಆ ಗಿರಣಿಯಲ್ಲಿ ಆಪರೇಟರನಾದ ಮೇಲೆ, ಹಳೆಯ ಪುಸ್ತಕಗಳನ್ನು ಕೊಂಡು, ಒಂದೊಂದು ಪುಟವನ್ನು ನಾಲ್ಕು ನಾಲ್ಕು ಸಲ ಓದಿ ವಿದ್ಯುತ್ತಿನ ವಿಷಯ ಕಲಿತೆ. ಪುಸ್ತಕದಲ್ಲಿ ತಿಳಿಯದೆ ಹೋದದ್ದನ್ನು ಮಾಸ್ತರರಲ್ಲಿ ಕೇಳುತ್ತಿದ್ದೆ. ಅವರು ಯಾವ ಶಾಲೆಯ ಮಾಸ್ತರರೂ ಆಗಿರಲಿಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವವರನ್ನು ನಮ್ಮ ಕಡೆ ಜನ ಹಾಗೆ ಕರೆಯುತ್ತಿದ್ದರು. ಆದರೂ ನನ್ನ ಮಟ್ಟಿಗೆ ಆ ಹೆಸರು ಅಕ್ಷರಶಃ ನಿಜವಾಗಿತ್ತು.

ಅವರದು ಒಂದು ಮಾತಿತ್ತು: 'ಉಂಡಾಡಿ'. ದುಡಿಯದೆ ಉಣ್ಣುವವನಿಗೆ ನಾವು ಬೈಯುವ ಮಾತನ್ನು ಅವರು ಕರೆಂಟಿಗೆ ಹಚ್ಚಿದ್ದರು. ಮೋಟಾರಿನ ಬೆಲ್ಟು ಕಳಚಿ, ಬರಿದೆ ತಿರುಗಲು ಬಿಟ್ಟು, ತಂತಿಗೆ ಅಂಪೇರ್ ಅಳೆಯುವ ಇಕ್ಕಳ ಹಾಕಿ, "ಉಂಡಾಡಿ ಎಷ್ಟೈತಿ ನೋಡೂಣು" ಎನ್ನುತ್ತಿದ್ದರು. ಯಾವ ಕೆಲಸವನ್ನೂ ಮಾಡದೆ, ಬರೀ ಬಿಸಿಯಾಗಿ ಹೋಗುವ ವಿದ್ಯುತ್ತು ಅದು. ಅದು ಪೂರ್ತಿ ಇಲ್ಲವಾಗುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಎಷ್ಟು ಕಡಿಮೆ ಮಾಡಬಹುದು ಎಂಬುದರಲ್ಲಿಯೇ ಅವರ ವಿದ್ಯೆಯೆಲ್ಲ ಇತ್ತು.

ಒಮ್ಮೆ ನಮ್ಮೂರು ಅಗಡಿಯ ಮನೆಗೆ ಊಟಕ್ಕೆ ಬಂದವರು ಅಡುಗೆಮನೆಯ ಬಾಗಿಲಲ್ಲಿಯೇ ನಿಂತುಬಿಟ್ಟರು. ಗೋಡೆಗೆ ಒತ್ತಿ ನಿಲ್ಲಿಸಿದ ನಮ್ಮ ಹೊಸ ಫ್ರಿಜ್ಜಿನ ಬಗಲಿಗೆ ಅಂಗೈ ಇಟ್ಟು, "ತಂಗೀ, ಇದಕ್ಕೂ ಒಂದೀಟು ಉಸಿರಾಡಾಕ ಬಿಡವಾ. ಬೆನ್ನು ಕುದ್ದುಹೋಗೈತಿ, ಬರೇ ಉಂಡಾಡಿ ಆಗೇತಿ" ಎಂದರು. ನನ್ನ ಹೆಂಡತಿ ಒಲೆಯ ಮುಂದಿನಿಂದ ಏಳದೆ, "ಉಂಡಾಡಿ ಅದೊಂದ ಅಲ್ರೀ ಅಣ್ಣಾರ ಈ ಮನ್ಯಾಗ. ಮೊದಲ ಅವ್ರನ್ನ ಸರಸ್ರಿ" ಎಂದು ನನ್ನ ಕಡೆ ಸೌಟು ತೋರಿಸಿದಳು. ಮಾಸ್ತರರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ...

ಎಂಜಿನಿಯರರ ಮಾತಿನ ಅರ್ಧ ಸತ್ಯವನ್ನು ಇಲ್ಲಿಯೇ ಒಪ್ಪಿಬಿಡುತ್ತೇನೆ. ಮೋಟಾರಿನ ಒಳಗಿನ ಕಬ್ಬಿಣ ಒಂದೇ ಗಟ್ಟಿಯಲ್ಲ. ತೆಳುವಾದ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ್ದು. ಪ್ರತಿ ತಗಡಿಗೂ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪವಿರುತ್ತದೆ. ಹಳೆಯ ತಾಮ್ರವನ್ನು ಸುಲಭವಾಗಿ ಕೀಳಲು ಬೆಂಕಿ ಹಚ್ಚಿದರೆ ಆ ಲೇಪವೂ ಸುಡುತ್ತದೆ, ತಗಡುಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ವಿದ್ಯುತ್ತು ಕಬ್ಬಿಣದೊಳಗೇ ಸುತ್ತಿ ಸುತ್ತಿ ಬಿಸಿಯಾಗಿ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೋಟಾರು ಮೊದಲಿನ ಹಾಗೆಯೇ ತಿರುಗುತ್ತದೆ, ಸದ್ದೂ ಅದೇ. ಮೀಟರಿಗೆ ಮತ್ತು ಅಂಗೈಗೆ ಮಾತ್ರ ನಿಜ ಗೊತ್ತಾಗುತ್ತದೆ.

ಹಾಗೆಂದೇ ಮಾಸ್ತರರು ಯಾವ ಮೋಟಾರನ್ನೂ ಸುಡುತ್ತಿರಲಿಲ್ಲ. ತಂತಿಯ ಒಂದು ಬದಿಯನ್ನು ಉಳಿಯಿಂದ ಕತ್ತರಿಸಿ, ಸಿಮೆಂಟಿನ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ ಕದಡಿದ ನೀರಿನಲ್ಲಿ ನೆನೆಹಾಕಿ, ವಾರ್ನಿಷು ಮೆತ್ತಗಾದ ಮೇಲೆ ಒಂದೊಂದೇ ಸುರುಳಿಯನ್ನು ಎಳೆದು ತೆಗೆಯುತ್ತಿದ್ದರು. ಆಮೇಲೆ ತೊಳೆಯಬೇಕು, ಒಣಗಿಸಬೇಕು, ಹೊಸ ತಂತಿ ಸುತ್ತಬೇಕು. ಬೇರೆಯವರು ಒಂದು ಹಗಲಿನಲ್ಲಿ ಮುಗಿಸುವ ಕೆಲಸ ಅವರಿಗೆ ಮೂರು ದಿನ ಹಿಡಿಯುತ್ತಿತ್ತು. ಕೊನೆಗೆ ಮೋಟಾರಿನ ಮೈಗೆ ಎರಡು ಬೆರಳು ಅಗಲದ ಹಸಿರು ಪಟ್ಟಿ ಬಳಿಯುತ್ತಿದ್ದರು. ಮೂರು ತಾಲೂಕುಗಳ ಗಿರಣಿಗಳಲ್ಲಿ ಆ ಪಟ್ಟಿಯನ್ನು ಕಂಡವರು ಒಳಗೆ ಯಾರ ಕೈಯಿದೆ ಎಂದು ಕೇಳುತ್ತಿರಲಿಲ್ಲ.

ನಮ್ಮ ಗಿರಣಿಯ ಮೋಟಾರನ್ನು ಅವರು ಮಳೆಗಾಲದ ಬಿಡುವಿನಲ್ಲಿ ಒಮ್ಮೆ ಕಟ್ಟಿಕೊಟ್ಟಿದ್ದರು. ಬರಿದೆ ತಿರುಗುವಾಗ ಎಂಟು ಅಂಪೇರ್. ಎರಡು ಸುಗ್ಗಿಗಳ ತನಕ ಅದರ ಮೈ ಕಾವೇರಿದ್ದನ್ನು ನಾನು ಕಾಣಲಿಲ್ಲ. ಮೂರನೆಯ ಸುಗ್ಗಿಯಲ್ಲಿ, ಮೆಣಸಿನಕಾಯಿಯ ರಾಶಿ ಅಂಗಳ ತುಂಬಿ ಬಾಗಿಲಿಗೆ ಬಂದಿದ್ದಾಗ, ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಹೋದದ್ದು ಯಾರಿಗೂ ತಿಳಿಯದೆ ಮೋಟಾರು ಸುಟ್ಟಿತು. ಅದರಲ್ಲಿ ಮಾಸ್ತರರ ದೋಷವೇನೂ ಇರಲಿಲ್ಲ. ಯಾರು ಕಟ್ಟಿದ ಮೋಟಾರಾದರೂ ಸುಡುತ್ತಿತ್ತು. ಮಾಲೀಕರೂ ನಾನೂ ಅದನ್ನು ಟೆಂಪೋದಲ್ಲಿ ಹೇರಿಕೊಂಡು ರಾಣೇಬೆನ್ನೂರಿಗೆ ಹೋದೆವು.

"ಮೂರು ದಿವಸ ಬೇಕ್ರಿ" ಎಂದರು ಮಾಸ್ತರರು.

"ಮೂರು ದಿವಸ? ಮಾಸ್ತರ, ನೀವು ಮೋಟರ್ ಕಟ್ತೀರೋ, ಕೂಸಿಗೆ ಜಳಕಾ ಮಾಡಸ್ತೀರೋ?"

"ಜಳಕಾನ ಮಾಡಸ್ತೇನ್ರೀ ಧಣ್ಯಾರ. ನೀವು ಚಿತಿಗೆ ಏರಸಂತೀರಿ. ಅದು ನನ್ನ ಕೈಲೆ ಆಗೂದಿಲ್ಲ."

ಮಾಲೀಕರು ನನ್ನತ್ತ ಕಣ್ಣು ಮಾಡಿದರು. ನಾನು ಮೋಟಾರನ್ನು ಮತ್ತೆ ಟೆಂಪೋಕ್ಕೆ ಏರಿಸಿದೆ. ಮಾಸ್ತರರು ತಾವೇ ಬಂದು ಇನ್ನೊಂದು ಬದಿಗೆ ಕೈ ಹಚ್ಚಿದರು. ಅದು ಭಾರವಾಗಿತ್ತು.

ಊರ ಇನ್ನೊಂದು ತುದಿಯ ಅಂಗಡಿಯೊಂದರಲ್ಲಿ ಅದನ್ನು ಇಳಿಸಿದೆವು. ಆ ಅಂಗಡಿಯನ್ನು ಇಲ್ಲಿ ಹೆಸರಿಸುವುದಿಲ್ಲ. ಅಂದಿಗೂ ಇಂದಿಗೂ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಬಯಲಿನಲ್ಲಿ ಟೈರು ಒಟ್ಟಿ ಬೆಂಕಿ ಹಚ್ಚಿದರು. ಕಬ್ಬಿಣ ಕೆಂಪಗೆ ಕೆಂಡವಾದದ್ದನ್ನು ನಾನು ಕಣ್ಣಾರೆ ಕಂಡೆ. ತಾಮ್ರ ಹಸಿ ನೆಲದ ಗರಿಕೆಯಂತೆ ಸಲೀಸಾಗಿ ಕಿತ್ತು ಬಂತು. ಹೊರಗಿನ ಕವಚವನ್ನು ಮೊದಲೇ ಬಿಚ್ಚಿ ಬದಿಗಿಟ್ಟಿದ್ದರಿಂದ ಅದರ ಮೇಲಿನ ಹಸಿರು ಪಟ್ಟಿಗೆ ಕಾವೂ ತಟ್ಟಲಿಲ್ಲ. ಮರುದಿನ ಮೋಟಾರನ್ನು ಒಯ್ಯುವಾಗ ನಾನು, "ಧಣ್ಯಾರ, ಈ ಪಟ್ಟಿ ಕೆರದು ತಗೀಲೇನ್ರಿ?" ಎಂದು ಕೇಳಿದೆ.

"ಇರ್ಲಿ ಬಿಡೋ. ಲಗೂ ಏರಸು, ಕಾಯಿ ಕುಂತಾವು."

ಆ ಮಾತಿನ ಹಿಂದೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅವಸರವಿತ್ತು, ಅಷ್ಟೆ. ಆದರೆ ಅವಸರವೂ ದ್ವೇಷದಷ್ಟೇ ಪೂರ್ತಿಯಾಗಿ ಒಬ್ಬನನ್ನು ಮುಗಿಸಬಲ್ಲದು ಎಂಬುದನ್ನು ನಾನು ಆಮೇಲೆ ಕಲಿತೆ.

ಮೋಟಾರು ತಿರುಗಿತು. ಮಾಲೀಕರು ಪೇಢೆ ಹಂಚಿದರು. ಒಂದು ವಾರಕ್ಕೇ ಅದರ ಮೈ ಮುಟ್ಟಲಾಗದಷ್ಟು ಸುಡತೊಡಗಿತು. ಬರಿದೆ ತಿರುಗಿಸಿ ಅಳೆದೆ: ಹನ್ನೆರಡು ಅಂಪೇರ್. ಮಧ್ಯಾಹ್ನದ ಹೊತ್ತಿಗೆ ಬಿಸಿಯೇರಿ ತಾನೇ ನಿಲ್ಲುತ್ತಿತ್ತು. ಆರುವ ತನಕ ತೊಟ್ಟು ಬಿಡಿಸುವ ಹೆಂಗಸರು ಕೈಕಟ್ಟಿ ಕುಳಿತಿರುತ್ತಿದ್ದರು. ಬಿಲ್ಲು ಏರಿತು, ಪುಡಿ ಇಳಿಯಿತು. ಅದೇ ದಿನಗಳಲ್ಲಿ ವರ್ತಕರು ಕೆಲವರು ಬಂದು ಕಾರಣ ಕೇಳಿದಾಗ, ಮಾಲೀಕರು ಹಸಿರು ಪಟ್ಟಿಯ ಮೇಲೆ ಬೆರಳಿಟ್ಟರು. "ನೋಡ್ರಿ. ಜಳಕಾ ಮಾಡಸೂ ಮಾಸ್ತರನ ಕೆಲಸ."

ಸುದ್ದಿ ಬಸ್ಸಿಗಿಂತ ಮುಂಚೆ ರಾಣೇಬೆನ್ನೂರು ಮುಟ್ಟಿತು. ಮೂರನೆಯ ದಿನ ಮಾಸ್ತರರೇ ಬಂದರು. ನೆಟ್ಟಗೆ ಒಳಗೆ ಹೋಗಿ ಮೋಟಾರಿಗೆ ಅಂಗೈ ಇಟ್ಟು ಥಟ್ಟನೆ ತೆಗೆದರು.

"ಇದು ನನ್ನ ಕೈಯಾಂದಲ್ರೀ. ಬಿಚ್ಚಿ ನೋಡ್ರಿ. ಒಳಗ ತಗಡು ನೀಲಿ ತಿರುಗಿರತಾವು, ಸುಟ್ಟದ್ದು ಕೂಸಿಗೂ ಗೊತ್ತಾಕ್ಕೈತಿ."

"ಸುಗ್ಯಾಗ ಮೋಟರ್ ಬಿಚ್ಚಂತೀಯೇನು? ಪಟ್ಟಿ ಯಾರದೈತಿ? ನಿಂದೋ ನಮ್ಮಪ್ಪಂದೋ?"

ವರ್ತಕರು ನಕ್ಕರು. ಮಾಸ್ತರರು ಆಗ ನನ್ನತ್ತ ತಿರುಗಿದರು. "ಆಪರೇಟರ, ನೀನ ಒಯ್ದಾಂವ. ನೀ ಹೇಳಿಬಿಡು."

ನನಗೆ ಆಗ ನಲವತ್ತು ದಾಟಿತ್ತು. ಬೇರೆ ಕಸುಬು ಗೊತ್ತಿರಲಿಲ್ಲ. ಇದು ಕಾರಣವಷ್ಟೇ, ಸಮರ್ಥನೆಯಲ್ಲ. ನಾನು ನಿಂತ ಬೆಲ್ಟಿನತ್ತ ನೋಡುತ್ತ, "ನನಗೇನ ಗೊತ್ತಿಲ್ರಿ" ಎಂದೆ.

"ಹಂಗಾತು" ಎಂದರು ಮಾಸ್ತರರು. ಹೆಗಲ ಮೇಲಿನ ವಸ್ತ್ರದಿಂದ ಸುಟ್ಟ ಅಂಗೈಯನ್ನು ಒರೆಸಿಕೊಂಡು ಹೊರಟುಹೋದರು...

ಹತ್ತಿಯ ಗಿರಣಿಗಳು ಅವರಿಗೆ ಮೋಟಾರು ಕಳಿಸುವುದನ್ನು ಬಿಟ್ಟವು. ಆಮೇಲೆ ಎಣ್ಣೆಯ ಗಾಣಗಳು. ಅವರ ತೊಟ್ಟಿಯಲ್ಲಿ ಕೆಲವು ಕಾಲ ಮನೆಗಳ ಸೀಲಿಂಗ್ ಫ್ಯಾನುಗಳೂ ಮಿಕ್ಸರುಗಳೂ ನೆನೆದವು. ಅನಂತರ ತೊಟ್ಟಿ ಒಣಗಿತು. ಅಂಗಡಿ ಮುಚ್ಚಿ ತಮ್ಮ ಊರಾದ ಐರಣಿಗೆ ಹೋದರೆಂದು ಕೇಳಿದೆ. ಹೊಳೆದಂಡೆಯ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡಿಕೊಂಡಿದ್ದರಂತೆ. ಯಾವುದಕ್ಕೂ ಪಟ್ಟಿ ಬಳಿಯುತ್ತಿರಲಿಲ್ಲವಂತೆ. ಐರಣಿಗೆ ಬಸ್ಸುಗಳಿದ್ದವು. ನಾನು ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ನನಗೆ ಬಂದದ್ದು ಮಣ್ಣು ಮುಗಿದು ಎಷ್ಟೋ ದಿನಗಳಾದ ಮೇಲೆ.

ಗಿರಣಿ ಇನ್ನು ಎರಡು ಸುಗ್ಗಿ ನಡೆದು ಮುಚ್ಚಿತು. ಮೋಟಾರಿನಿಂದಲೇ ಮುಚ್ಚಿತೆಂದರೆ ನಾನು ಜಗಳಕ್ಕೆ ಬರುವುದಿಲ್ಲ, ಇದ್ದರೂ ಇರಬಹುದು. ಯಾರು ಕಟ್ಟಿದ ಮೋಟಾರು ಎಂಬುದಷ್ಟೇ ನನ್ನ ತಕರಾರು. ಈ ತಕರಾರಿನಿಂದ ಈಗ ಯಾರಿಗೂ ಏನೂ ಆಗುವುದಿಲ್ಲ ಎಂಬುದನ್ನು ಬಲ್ಲೆ. ಮಾಸ್ತರರಿಗೆ ಕೇಳಿಸುವುದಿಲ್ಲ. ಮೂರೂ ಊರುಗಳ ಹಿತ್ತಿಲುಗಳಲ್ಲಿ ಇವತ್ತಿಗೂ ಮೋಟಾರುಗಳು ಉರಿಯುತ್ತಿವೆ; ಆ ತೊಟ್ಟಿಯ ವಿದ್ಯೆಯನ್ನು ಅವರಿಂದ ಕಲಿತವರು ಯಾರೂ ಇಲ್ಲ. ನಾನು ಕಲಿಯಬಹುದಿತ್ತು, ಆದರೆ ಆ ದಿನದ ಮೇಲೆ ಅವರೆದುರು ಕೂರುವ ಮುಖ ನನಗಿರಲಿಲ್ಲ. ಶಿಬಿರಗಳು ನಡೆಯುತ್ತವೆ, ಬಲ್ಬುಗಳು ಹಂಚಲ್ಪಡುತ್ತವೆ, ಮುಂದಿನ ಶಿಬಿರದಲ್ಲಿಯೂ ಎಂಜಿನಿಯರರು ಅದೇ ಉದಾಹರಣೆಯನ್ನು ಹೇಳುತ್ತಾರೆ.

ಆದರೂ ಒಂದು ಕಾಗದ ಉಳಿದಿದೆ. ಗಿರಣಿಯಿಂದ ಯಾವ ಸಾಮಾನು ಹೊರಗೆ ಹೋದರೂ ಗೇಟ್ ಪಾಸ್ ಬರೆಯುವುದು ಅಲ್ಲಿಯ ಪದ್ಧತಿಯಾಗಿತ್ತು. ಮೇಲಿನ ಹಾಳೆ ಸಾಮಾನಿನೊಡನೆ ಹೋಗುವುದು, ಅದರ ಕಾರ್ಬನ್ ಪ್ರತಿ ಪುಸ್ತಕದಲ್ಲಿ ಉಳಿಯುವುದು. ಗಿರಣಿಯ ರದ್ದಿಯನ್ನು ಮಾರಿದಾಗ ಆ ಪುಸ್ತಕವನ್ನು ನಾನು ಕೇಳಿ ತೆಗೆದುಕೊಂಡೆ. ಅಗಡಿಯ ನನ್ನ ಮನೆಯಲ್ಲಿದೆ, ಅನುಮಾನವಿದ್ದವರು ಬಂದು ನೋಡಬಹುದು. ಆ ಸುಗ್ಗಿಯ ಒಂದು ಹಾಳೆಯಲ್ಲಿ ಹೀಗಿದೆ: 'ಮೋಟಾರು, ಒಂದು, ಸುಟ್ಟದ್ದು, ಕಟ್ಟಿಸುವ ಸಲುವಾಗಿ.' ಅದರ ಕೆಳಗೆ ಮೊದಲು ಬರೆದ ಮಾಸ್ತರರ ಅಂಗಡಿಯ ಹೆಸರಿಗೆ ಅಡ್ಡಗೆರೆ ಎಳೆದು, ಬಯಲಿನಲ್ಲಿ ಬೆಂಕಿ ಹಚ್ಚಿದ ಆ ಇನ್ನೊಂದು ಅಂಗಡಿಯ ಹೆಸರನ್ನು ಬರೆದಿದೆ. ಮರುದಿನ ಮೋಟಾರು ತಂದಾಗ ಗೇಟಿನಲ್ಲಿಯೇ ತಿದ್ದಿದ ಆ ಅಕ್ಷರಗಳು ನನ್ನವು. ಒಯ್ದವನ ಸಹಿಯೂ ನನ್ನದೇ.