ಎಣ್ಣೆ ಅನ್ನಬೇಕಿತ್ತು

ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ ಕ್ರೇನುಗಳನ್ನು ಬಾಡಿಗೆಗೆ ಕೊಡುವ ಒಂದು ಶೆಡ್ಡಿತ್ತು. ಅಲ್ಲಿನ ಹೆಡ್ ಮೆಕ್ಯಾನಿಕ್ ಖಾದರ್ ಬಾಷಾ. ಕೆಲಸಗಾರನೇನೋ ಹೌದು, ಆದರೆ ಆ ಮನುಷ್ಯನ ಜಂಭ ಮಾತ್ರ ಕೇಳಬೇಡಿ! ತಂತಿಹಗ್ಗದ ಹಳೇ ಕ್ರೇನುಗಳ ಕಾಲದಿಂದಲೂ ಯಂತ್ರವನ್ನು ಕೈಯಲ್ಲಿ ಮುಟ್ಟಿಯೇ ರೋಗ ಹೇಳುತ್ತಿದ್ದವನು. ಎಪ್ಪತ್ತೆಂಟನೇ ಇಸವಿಯಲ್ಲಿ, ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಹೈಡ್ರಾಲಿಕ್ ಕ್ರೇನು ಬಂದಾಗಲೂ ಅದೇ ಚಾಳಿ.

ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದರು. ಪೈಪು ಬಿಚ್ಚುವ ಮೊದಲು ಕ್ರೇನಿನ ತೋಳನ್ನು ನೆಲಕ್ಕಿಳಿಸಬೇಕು, ಇಂಜಿನ್ ನಿಲ್ಲಿಸಿ ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಇಳಿಸಬೇಕು. ಸೋರಿಕೆ ಹುಡುಕುವಾಗ ರಟ್ಟಿನ ತುಂಡು ಹಿಡಿಯಬೇಕು. ಇನ್ನೊಬ್ಬರಿಂದ ಬರಿಗೈ ಹಾಕಿಸಿದವನು ಮಾರನೇ ದಿನ ಕೆಲಸಕ್ಕೆ ಬರುವುದೇ ಬೇಡ.

"ರಟ್ಟು ಹಿಡ್ಕೊಂಡು ಗಾಳಿ ಬೀಸೋಕೆ ಇದೇನು ಇದ್ದಿಲ ಒಲೆನಾ?" ಎಂದು ಬಾಷಾ ಆಚೆ ಬಂದು ನಕ್ಕಿದ್ದ.

ಆ ಕ್ರೇನು ಓಡಿಸುತ್ತಿದ್ದವನು ಹೆಬ್ಬಾಳದ ಮುನಿರಾಮಯ್ಯ. ಬಾಷಾನಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಹನ್ನೊಂದು ವರ್ಷದ ಸ್ನೇಹಿತ. ಒಂದು ಬೆಳಿಗ್ಗೆ ತೋಳೆತ್ತುವ ಜಾಕಿನ ಹತ್ತಿರ ಎಣ್ಣೆ ಸೋರುತ್ತಿತ್ತು, ಎಲ್ಲಿಂದ ಅಂತ ಕಾಣುತ್ತಿರಲಿಲ್ಲ. ಪಂಪಿನ ಸದ್ದು ಕೇಳಬೇಕೆಂದು ಬಾಷಾ ತಾನೇ ಸೀಟಿನಲ್ಲಿ ಕೂತು ಲಿವರು ಎಳೆದು ಹಿಡಿದ.

"ಮುನಿರಾಮಣ್ಣ, ಪೈಪಿನುದ್ದಕ್ಕೂ ಒಂದ್ಸಲ ಕೈ ಆಡಿಸಿ ನೋಡು. ಎಲ್ಲಿ ಒದ್ದೆ ಇದ್ಯೋ ಹೇಳು."

ಮುನಿರಾಮಯ್ಯ ಬಲಗೈ ಆಡಿಸಿದ. ತಕ್ಷಣ ಹಿಂದಕ್ಕೆಳೆದುಕೊಂಡ. ತೋರುಬೆರಳಿನ ಬುಡದಲ್ಲಿ ಸೂಜಿಮೊನೆಯಷ್ಟು ಗುರುತು. ಒಂದು ತೊಟ್ಟು ರಕ್ತವಿಲ್ಲ.

"ಇರುವೆ ಕಚ್ದಂಗಾಯ್ತು ಸಾಬ್ರೇ."

"ಅಷ್ಟೇ ತಾನೆ? ಕೈ ತೊಳ್ಕೊ, ಟೀ ಕುಡಿಯೋಣ."

ಇರುವೆಯಂತೆ ಇರುವೆ! ಪೈಪಿನ ಕಣ್ಣಿಗೆ ಕಾಣದ ತೂತಿನಿಂದ ಹಾರಿದ ಎಣ್ಣೆ ಚರ್ಮ ಸೀಳಿಕೊಂಡು ಅಂಗೈಯೊಳಗೆ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಕೈ ಊದಿ ಬಿಗಿಯಿತು. ಬಾಷಾನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹತ್ತಿರದ ಡಾಕ್ಟರ ಬಳಿ ಕರೆದೊಯ್ದ. ಏನು ತಾಗಿತು ಎಂದು ಡಾಕ್ಟರು ಕೇಳಿದರು. ಎಣ್ಣೆ ಅಂದರೆ ಚೀಟಿಯಲ್ಲಿ ಬರೆಯುತ್ತಾರೆ, ಚೀಟಿ ಮ್ಯಾನೇಜರ ಕೈಗೆ ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ.

"ಕಬ್ಬಿಣದ ಚೂರು ಚುಚ್ಚಿದೆ ಸಾರ್," ಬಾಷಾ ಅಂದುಬಿಟ್ಟ.

ಮುನಿರಾಮಯ್ಯ ಅವನ ಮುಖ ನೋಡಿದ, ಏನೂ ಅನ್ನಲಿಲ್ಲ. ನೋವಿಗೆ ಮಂಕಾಗಿದ್ದಾನೆ ಎಂದುಕೊಂಡ ಬಾಷಾ. ಡಾಕ್ಟರು ಇಂಜೆಕ್ಷನ್ ಕೊಟ್ಟು ಕಳಿಸಿದರು.

ಮನೆಯಲ್ಲಿ ಹೆಂಡತಿ ಸಬೀರಾ ಸಂಗತಿ ಕೇಳಿದವಳೇ ಉರಿದುಬಿದ್ದಳು. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಈಗಲೇ ಹೋಗಿ ನಿಜ ಹೇಳಿ ಬನ್ನಿ ಎಂದಳು. ನಾಳೆ ಊತ ಇಳಿಯುತ್ತದೆ ಎಂದು ಬಾಷಾ ಕೂತೇಬಿಟ್ಟ. ಆ ನಾಳೆಯೂ ಕೂತ. ಮೂರನೇ ದಿನ ಮುನಿರಾಮಯ್ಯನ ಬೆರಳು ಕಪ್ಪಾದಾಗ ದೊಡ್ಡಾಸ್ಪತ್ರೆಗೆ ಹೊತ್ತೊಯ್ದರು. ಕೊಯ್ದಾಗ ಅಂಗೈಯಿಂದ ಎಣ್ಣೆ ಬಂತು. ಅಲ್ಲಿನ ಡಾಕ್ಟರು ಸಿಟ್ಟಿನಿಂದ ಗದರಿದರು: "ಎಣ್ಣೆ ಅಂತ ಅವತ್ತೇ ಹೇಳಿದ್ರೆ ಅವತ್ತೇ ಕೊಯ್ದು ತೊಳೀತಿದ್ರು. ಕೈ ಉಳೀತಿತ್ತಲ್ರೀ!"

ಹೆಬ್ಬೆರಳೊಂದು ಉಳಿಯಿತು. ಮಿಕ್ಕ ನಾಲ್ಕೂ ಹೋದವು.

ಕೈ ಹಾಕಿಸಿದ್ದು ಯಾರೆಂದು ಮ್ಯಾನೇಜರಿಗೆ ತಿಳಿಯಲೇ ಇಲ್ಲ, ಬಾಷಾನ ಕೆಲಸ ಉಳಿಯಿತು. ಆಮೇಲೆ ಬಾಷಾ ಬದಲಾದ, ನಿಜ. ಇಂಜಿನ್ ನಡೆಯುವಾಗ ಪೈಪಿನ ಹತ್ತಿರ ಯಾರಾದರೂ ಕೈ ತಂದರೆ ಹುಚ್ಚು ಹಿಡಿದವನಂತೆ ಕಿರುಚುತ್ತಿದ್ದ. ಶೆಡ್ಡಿನಲ್ಲಿ ಅವನ ಹೆಸರು ದೊಡ್ಡದಾಯಿತು, ಜೋಪಾನದ ಮೇಸ್ತ್ರಿ ಎಂದು ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದರೆ ಅವನು ಎದ್ದು ಕ್ರೇನಿನ ಹಿಂದೆ ಹೋಗಿಬಿಡುತ್ತಿದ್ದ. ಮುನಿರಾಮಯ್ಯ ಅದೇ ಶೆಡ್ಡಿನ ಗೇಟು ಕಾಯುತ್ತ, ಬರುವಾಗ ಹೋಗುವಾಗ ಎಡಗೈಯಲ್ಲಿ ಸಲಾಮು ಹೊಡೆಯುತ್ತಿದ್ದ.

ಎಂಬತ್ತೇಳರ ಒಂದು ಭಾನುವಾರ ಬಾಷಾನಿಗೆ ತಡೆಯಲಾಗಲಿಲ್ಲ. ಹೆಬ್ಬಾಳಕ್ಕೆ ಹೋದ. ಮುನಿರಾಮಯ್ಯ ಉಣ್ಣುತ್ತಿದ್ದ, ಹೆಂಡತಿ ಮುನಿಕೃಷ್ಣಮ್ಮ ಪಕ್ಕದಲ್ಲಿ ಕೂತು ಮುದ್ದೆ ಮುರಿದು ಕೊಡುತ್ತಿದ್ದಳು. ಅವಳು ಎದ್ದು ಒಳಗೆ ಹೋಗುವವರೆಗೆ ಕಾದು, ಬಾಷಾ ಎಲ್ಲವನ್ನೂ ಹೇಳಿದ.

"ಕೆಲ್ಸ ಹೋಗ್ತದೆ ಅಂತ ಸುಳ್ಳು ಹೇಳ್ದೆ ಮುನಿರಾಮಣ್ಣ. ನಿನ್ ಕೈ ನಾನೇ ತಿಂದ್ಬಿಟ್ಟೆ."

ಮುನಿರಾಮಯ್ಯ ತಟ್ಟೆ ಸರಿಸಿದ. "ನಂಗೂ ಬಾಯಿತ್ತಲ್ಲ ಸಾಬ್ರೇ. ಎಣ್ಣೆ ಅಂತ ನಾನೂ ಯೋಳ್ಬೋದಿತ್ತು. ನಿಮ್ ಕೆಲ್ಸ ಓದ್ರೆ ಸಬೀರಮ್ಮ, ಮಕ್ಳು ಏನ್ ಮಾಡ್ತಾರೆ ಅಂತ ಸುಮ್ಕಿದ್ದೆ."

ಬೈದಿದ್ದರೆ, ಎದ್ದು ಒದ್ದಿದ್ದರೆ ಬಾಷಾನಿಗೆ ಎಷ್ಟೋ ವಾಸಿ ಅನಿಸುತ್ತಿತ್ತು.

"ಆದ್ರೆ ಎರಡನೇ ದಿನ ಉರಿ ತಡ್ಯೋಕಾಗ್ಲಿಲ್ಲ," ಎಂದ ಮುನಿರಾಮಯ್ಯ. "ಸಾಬ್ರು ಬರ್ತಾರೆ, ಅವ್ರೇ ಡಾಕ್ಟರ್‌ಗೆ ಯೋಳ್ತಾರೆ ಅಂತ ಬಾಗ್ಲಲ್ಲೇ ಕೂತಿದ್ದೆ. ಸಂಜೆಗಂಟ ಕೂತಿದ್ದೆ."